ಗಾತ್ರ ಯಾಕೆ ಕುಗ್ಗುತ್ತದೆ? ಆವರ್ತ ಕೋಷ್ಟಕದ ಗುಣಗಳನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

"ಎಡದಿಂದ ಬಲಕ್ಕೆ ಗಾತ್ರ ಕಡಿಮೆ, ಮೇಲಿನಿಂದ ಕೆಳಕ್ಕೆ ಜಾಸ್ತಿ." ಆವರ್ತ ಕೋಷ್ಟಕದಲ್ಲಿ ಪರಮಾಣುವಿನ ಗಾತ್ರದ ಬಗ್ಗೆ ಹೈಸ್ಕೂಲಿನ ಬಹುತೇಕ ಮಕ್ಕಳು ಇಷ್ಟನ್ನು ನಿದ್ದೆಯಲ್ಲೂ ಹೇಳುತ್ತಾರೆ. "ಯಾಕೆ ಕಡಿಮೆ?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಸ್ವಲ್ಪ ಧೈರ್ಯ ಇರುವ ಒಬ್ಬರು ಎದ್ದು ನಿಂತು, "ಬಲಕ್ಕೆ ಹೋದ ಹಾಗೆ ಎಲೆಕ್ಟ್ರಾನ್ ಜಾಸ್ತಿ ಆಗುತ್ತಲ್ವಾ ಸಾರ್? ಹಾಗಾದ್ರೆ ಪರಮಾಣು ದೊಡ್ಡದಾಗಬೇಕಲ್ವಾ?" ಎನ್ನುತ್ತಾರೆ. ಈ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಉತ್ತರ ತಪ್ಪಿರಬಹುದು, ಆದರೆ ಆ ಮಗು ಯೋಚಿಸಿದೆ.

ಮಂಡ್ಯ ಜಿಲ್ಲೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನ್ನ ಅಭಿಪ್ರಾಯ ಇಷ್ಟು: ಗಾತ್ರಕ್ಕೊಂದು ಬಾಣ, ಅಯಾನೀಕರಣ ಶಕ್ತಿಗೊಂದು ಬಾಣ, ಲೋಹೀಯ ಗುಣಕ್ಕೊಂದು ಬಾಣ ಎಂದು ಬೋರ್ಡಿನ ತುಂಬ ಬಾಣ ಬರೆಯುವುದನ್ನು ನಿಲ್ಲಿಸಬೇಕು. ಈ ಎಲ್ಲ ಗುಣಗಳೂ ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ. ಹೊರಗಿನ ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ ಎಷ್ಟು ಬಿಗಿಯಾಗಿ ಹಿಡಿದಿದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಂದರೆ ಬಾಣಗಳನ್ನು ಮಕ್ಕಳೇ ಬರೆಯುತ್ತಾರೆ. ಕೆಳಗಿನ ಕ್ರಮಕ್ಕೆ 40 ನಿಮಿಷದ ಆರು ಪೀರಿಯಡ್ ಸಾಕು. ಪ್ರಯೋಗದ ದಿನ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಒಳ್ಳೆಯದು.

ಶುರು ಮಾಡುವ ಮುಂಚೆ

ಮೊದಲ ಇಪ್ಪತ್ತು ಧಾತುಗಳ ಎಲೆಕ್ಟ್ರಾನ್ ವಿನ್ಯಾಸ ಮಕ್ಕಳಿಗೆ ಬರುತ್ತದೆಯೇ ನೋಡಿ. ನ್ಯೂಕ್ಲಿಯಸ್ ಸುತ್ತಲಿನ ಪದರಗಳೇ ಕವಚಗಳು, ಒಳಗಿನಿಂದ ಹೊರಕ್ಕೆ ಒಂದೊಂದು ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಎಂಬುದೇ ವಿನ್ಯಾಸ. ಸೋಡಿಯಂ 2, 8, 1. ಕ್ಲೋರಿನ್ 2, 8, 7. ಕ್ಯಾಲ್ಸಿಯಂ 2, 8, 8, 2. ಒಂದು ಚೀಟಿಯಲ್ಲಿ ಐದು ಧಾತುಗಳನ್ನು ಕೊಟ್ಟು ಬರೆಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ತರಗತಿಯ ಅರ್ಧದಷ್ಟು ಮಕ್ಕಳು ತಡವರಿಸಿದರೆ ಮುಂದೆ ಹೋಗಬೇಡಿ. ಒಂದು ಪೀರಿಯಡ್ ಅದಕ್ಕೇ ಕೊಡಿ. ಕವಚ ಅಂದರೆ ಏನು ಎಂದು ಗೊತ್ತಿಲ್ಲದ ಮಗುವಿಗೆ ಮುಂದಿನದ್ದೆಲ್ಲ ಬರೀ ಬಾಯಿಪಾಠ.

ಹಂತ 1: ಕಾರ್ಡುಗಳಿಂದ ಕೋಷ್ಟಕ ಕಟ್ಟಿಸಿ

ಡ್ರಾಯಿಂಗ್ ಶೀಟನ್ನು ಕಾರ್ಡ್ ಅಳತೆಗೆ ಕತ್ತರಿಸಿ. ಪ್ರತಿ ಕಾರ್ಡಿನಲ್ಲಿ ಧಾತುವಿನ ಹೆಸರು, ಪರಮಾಣು ರಾಶಿ, ಒಂದು ಪರಮಾಣುವಿಗೆ ಎಷ್ಟು ಆಕ್ಸಿಜನ್ ಸೇರುತ್ತದೆ, ಅದು ಲೋಹವೋ ಅಲೋಹವೋ ಎಂದು ಬರೆಯಿರಿ. ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳ ಸಂಖ್ಯೆ, ಮಾತ್ರ ಬೇಡ. ಐದೈದು ಮಕ್ಕಳ ಗುಂಪಿಗೆ ಒಂದು ಕಟ್ಟು ಕೊಡಿ. "ರಾಶಿಯ ಪ್ರಕಾರ ಜೋಡಿಸಿ, ಒಂದೇ ತರಹದವು ಒಂದರ ಕೆಳಗೆ ಒಂದು ಬರಬೇಕು" ಎನ್ನಿ. ಕಟ್ಟಿನಿಂದ ಜರ್ಮೇನಿಯಂ ಕಾರ್ಡನ್ನು ಮೊದಲೇ ತೆಗೆದಿಟ್ಟಿರಿ.

ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡೆಲೀವ್ 1869ರಲ್ಲಿ ಮಾಡಿದ್ದೂ ಹೆಚ್ಚು ಕಡಿಮೆ ಇದೇ. ಆಗ ಗೊತ್ತಿದ್ದದ್ದು 63 ಧಾತುಗಳು. ಜಾಗ ಹೊಂದದಿದ್ದ ಕಡೆ ಅವರು ಖಾಲಿ ಬಿಟ್ಟರು. ಅಲ್ಲಿ ಬರಬೇಕಾದ ಧಾತುವಿನ ಗುಣಗಳನ್ನೂ ಮೊದಲೇ ಲೆಕ್ಕ ಹಾಕಿದರು. ಸಿಲಿಕಾನ್ ಕೆಳಗಿನ ಖಾಲಿ ಜಾಗಕ್ಕೆ ಏಕ-ಸಿಲಿಕಾನ್ ಎಂದು ಹೆಸರಿಟ್ಟು, ರಾಶಿ 72, ಸಾಂದ್ರತೆ 5.5 ಇರಬೇಕು ಎಂದರು. 1886ರಲ್ಲಿ ಜರ್ಮೇನಿಯಂ ಸಿಕ್ಕಿತು. ರಾಶಿ 72.6, ಸಾಂದ್ರತೆ 5.35. ಈ ಕಥೆಯನ್ನು ಮಕ್ಕಳು ತಮ್ಮ ಜೋಡಣೆಯಲ್ಲಿ ಖಾಲಿ ಜಾಗ ಕಂಡ ಮೇಲೆ ಹೇಳಿ, ಮುಂಚೆ ಬೇಡ. ಆ ಜಾಗದ ಧಾತುವಿನ ರಾಶಿ ಎಷ್ಟಿರಬಹುದು ಎಂದು ಅವರೇ ಅಂದಾಜು ಮಾಡಲಿ. ನಂತರ ಬಚ್ಚಿಟ್ಟ ಕಾರ್ಡ್ ತೋರಿಸಿ.

ಆರ್ಗಾನ್ ಮತ್ತು ಪೊಟ್ಯಾಸಿಯಂ ಹತ್ತಿರ ಜಗಳ ಬರುತ್ತದೆ. ಆರ್ಗಾನ್ ರಾಶಿ 39.95, ಪೊಟ್ಯಾಸಿಯಂ ರಾಶಿ 39.10. ರಾಶಿಯ ಪ್ರಕಾರ ಇಟ್ಟರೆ ಪೊಟ್ಯಾಸಿಯಂ ಹೋಗಿ ನಿಯಾನ್ ಕೆಳಗೆ ಕೂರುತ್ತದೆ! ರಾಶಿ ಅಲ್ಲ, ಪರಮಾಣು ಸಂಖ್ಯೆಯೇ ಆಧಾರ ಎಂದು ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲೆ 1913ರಲ್ಲಿ ಎಕ್ಸ್-ಕಿರಣಗಳ ಅಧ್ಯಯನದಿಂದ ತೋರಿಸಿದ್ದನ್ನು ಇಲ್ಲಿ ತನ್ನಿ. ಈಗ ಕಾರ್ಡುಗಳ ಮೇಲೆ ಪರಮಾಣು ಸಂಖ್ಯೆ ಬರೆಸಿ.

ಹಂತ 2: ಎಳೆತದ ಲೆಕ್ಕ

ಇಡೀ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ.

ನಮ್ಮ ಕಡೆಯ ಮಕ್ಕಳಿಗೆ ಆಲೆಮನೆ ಗೊತ್ತು. ಚಳಿಗಾಲದ ಬೆಳಗಿನ ಜಾವ, ಕೊಪ್ಪರಿಗೆ ಕೆಳಗಿನ ಒಲೆಯ ಮುಂದೆ ಜನ ಸಾಲುಸಾಲಾಗಿ ಕೂತು ಬೆಂಕಿ ಕಾಯಿಸುತ್ತಿದ್ದಾರೆ ಎಂದುಕೊಳ್ಳಲಿ. ಕೊನೆಯ ಸಾಲಿನವರಿಗೆ ಎಷ್ಟು ಬಿಸಿ ತಾಗುತ್ತದೆ? ಮೂರು ಸಂಗತಿ ನೋಡಬೇಕು. ಬೆಂಕಿ ಎಷ್ಟು ಜೋರಾಗಿದೆ, ಅವರು ಎಷ್ಟು ದೂರ ಕೂತಿದ್ದಾರೆ, ಮುಂದೆ ಎಷ್ಟು ಜನ ಅಡ್ಡ ಇದ್ದಾರೆ. ಇದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ. ಬೆಂಕಿ ಅಂದರೆ ನ್ಯೂಕ್ಲಿಯಸ್‌ನ ಪ್ರೋಟಾನ್‌ಗಳು, ದೂರ ಅಂದರೆ ಕವಚಗಳು, ಅಡ್ಡ ಕೂತವರು ಒಳಗಿನ ಎಲೆಕ್ಟ್ರಾನ್‌ಗಳು. ಈ ಹೋಲಿಕೆ ಎಲ್ಲಿ ಸರಿಹೋಗುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಡಿ. ಮುಂದೆ ಕೂತ ಜನ ಬಿಸಿಯನ್ನು ತಡೆಯುತ್ತಾರೆ ಅಷ್ಟೇ. ಎಲೆಕ್ಟ್ರಾನ್‌ಗಳು ಹಾಗಲ್ಲ. ಎಲ್ಲವಕ್ಕೂ ನೆಗೆಟಿವ್ ಚಾರ್ಜ್ ಇರುವುದರಿಂದ ಒಳಗಿನವು ಹೊರಗಿನದನ್ನು ದೂರ ತಳ್ಳುತ್ತವೆ.

ಈಗ ಲೆಕ್ಕ. ಪ್ರೋಟಾನ್‌ಗಳ ಸಂಖ್ಯೆಯಿಂದ ಒಳ ಕವಚಗಳ ಎಲೆಕ್ಟ್ರಾನ್‌ಗಳ ಸಂಖ್ಯೆ ಕಳೆಯಿರಿ. ಹೊರಗಿನ ಎಲೆಕ್ಟ್ರಾನ್‌ಗೆ ತಟ್ಟುವ ಚಾರ್ಜ್ ಹೆಚ್ಚು ಕಡಿಮೆ ಅಷ್ಟು.

ಲಿಥಿಯಂ: 3ರಲ್ಲಿ 2 ಕಳೆದರೆ 1.
ಕಾರ್ಬನ್: 6ರಲ್ಲಿ 2 ಕಳೆದರೆ 4.
ಫ್ಲೋರಿನ್: 9ರಲ್ಲಿ 2 ಕಳೆದರೆ 7.

ಮೂರಕ್ಕೂ ಕವಚ ಎರಡೇ. ದೂರ ಹೆಚ್ಚಾಗಲಿಲ್ಲ, ಎಳೆತ ಮಾತ್ರ ಹೆಚ್ಚಾಯಿತು. ಹಾಗಾಗಿ ಇಡೀ ಎಲೆಕ್ಟ್ರಾನ್ ಗುಂಪು ಒಳಕ್ಕೆ ಸರಿಯುತ್ತದೆ. ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಲೆಕ್ಟ್ರಾನ್ ಹೆಚ್ಚಾಗುವುದು ನಿಜ, ಆದರೆ ಅದು ಅದೇ ಕವಚಕ್ಕೆ ಸೇರುತ್ತದೆ, ಜೊತೆಗೆ ಒಂದು ಪ್ರೋಟಾನೂ ಸೇರುತ್ತದೆ. ಒಂದೇ ಕವಚದವು ಒಂದಕ್ಕೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ.

ಇನ್ನು ಕೆಳಕ್ಕೆ ಬನ್ನಿ. ಸೋಡಿಯಂ: 11ರಲ್ಲಿ 10 ಕಳೆದರೆ 1. ಪೊಟ್ಯಾಸಿಯಂ: 19ರಲ್ಲಿ 18 ಕಳೆದರೆ 1. ಗುಂಪಿನಲ್ಲಿ, ಅಂದರೆ ಕೋಷ್ಟಕದ ಕಂಬಸಾಲಿನಲ್ಲಿ, ಕೆಳಗೆ ಹೋದರೂ ಈ ಉಳಿಕೆ ಬದಲಾಗಲಿಲ್ಲ, ಕವಚ ಮಾತ್ರ ಹೆಚ್ಚಾಯಿತು. ಹೊರಗಿನ ಎಲೆಕ್ಟ್ರಾನ್ ದೂರವಾಯಿತು, ಹಿಡಿತ ಸಡಿಲವಾಯಿತು. ಇದು ಒರಟು ಲೆಕ್ಕ, ನಿಜವಾದ ಪರಮಾಣುವಿನಲ್ಲಿ ಅಂಕಿ ಇಷ್ಟು ಸಲೀಸಾಗಿ ಬರುವುದಿಲ್ಲ. ಹೈಸ್ಕೂಲಿಗೆ ಮಾತ್ರ ಇದರಷ್ಟು ಕೆಲಸಕ್ಕೆ ಬರುವ ಲೆಕ್ಕ ಬೇರೆ ಇಲ್ಲ. ಕಳೆಯುವುದು ಬಂದರೆ ಸಾಕು.

ಹಂತ 3: ಗಾತ್ರವನ್ನು ಕೈವಾರದಲ್ಲಿ ಬರೆಸಿ

ಅಂಕಿ ಹೇಳಿದರೆ ಮರೆಯುತ್ತಾರೆ, ಕತ್ತರಿಸಿ ಅಂಟಿಸಿದರೆ ಮರೆಯುವುದಿಲ್ಲ. 50 ಪಿಕೋಮೀಟರ್‌ಗೆ 1 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಪಿಕೋಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಎರಡನೇ ಆವರ್ತದ, ಅಂದರೆ ಎರಡನೇ ಅಡ್ಡಸಾಲಿನ, ತ್ರಿಜ್ಯಗಳು ಪಿಕೋಮೀಟರ್ ಲೆಕ್ಕದಲ್ಲಿ: ಲಿಥಿಯಂ 152, ಬೆರಿಲಿಯಂ 111, ಬೋರಾನ್ 88, ಕಾರ್ಬನ್ 77, ನೈಟ್ರೋಜನ್ 74, ಆಕ್ಸಿಜನ್ 66, ಫ್ಲೋರಿನ್ 64. ಮೂರನೆಯದು: ಸೋಡಿಯಂ 186, ಮೆಗ್ನೀಸಿಯಂ 160, ಅಲ್ಯೂಮಿನಿಯಂ 143, ಸಿಲಿಕಾನ್ 117, ರಂಜಕ 110, ಗಂಧಕ 104, ಕ್ಲೋರಿನ್ 99. ಮೊದಲ ಗುಂಪಿಗೆ ಪೊಟ್ಯಾಸಿಯಂ 231, ರುಬಿಡಿಯಂ 244, ಸೀಸಿಯಂ 262 ಸೇರಿಸಿ. ಲಿಥಿಯಂ ವೃತ್ತದ ತ್ರಿಜ್ಯ 3 ಸೆಂಟಿಮೀಟರ್, ಫ್ಲೋರಿನ್‌ದು 1.3, ಸೀಸಿಯಂನದು 5.2. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿ, ಕತ್ತರಿಸಿ, ಗೋಡೆಗೆ ಕೋಷ್ಟಕದ ಜಾಗದಲ್ಲೇ ಅಂಟಿಸಿ. ಬೇರೆ ಪುಸ್ತಕದಲ್ಲಿ ಅಂಕಿ ಸ್ವಲ್ಪ ಬೇರೆ ಇದ್ದರೆ ಗಾಬರಿ ಬೇಡ. ಅಳೆಯುವ ವಿಧಾನದ ಮೇಲೆ ಅದು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ನಿಯಾನ್, ಆರ್ಗಾನ್ ಥರದ ಜಡಾನಿಲಗಳನ್ನು ಈ ಸಾಲಿಗೆ ಸೇರಿಸಬೇಡಿ. ಅವು ಸಾಮಾನ್ಯವಾಗಿ ಬಂಧ ಮಾಡುವುದಿಲ್ಲ. ಅವುಗಳ ತ್ರಿಜ್ಯವನ್ನು ಬೇರೆ ರೀತಿಯಲ್ಲಿ ಅಳೆಯುತ್ತಾರೆ, ಅಂಕಿ ದೊಡ್ಡದಾಗಿ ಬರುತ್ತದೆ. ಒಂದೇ ಸಾಲಿನಲ್ಲಿಟ್ಟರೆ ಕೊನೆಯಲ್ಲಿ ಗಾತ್ರ ಏಕ್‌ದಂ ಹಿಗ್ಗಿದ ಹಾಗೆ ಕಾಣುತ್ತದೆ.

ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕೊಟ್ಟ ಇಲ್ಲವೇ ಪಡೆದ ಪರಮಾಣುಗಳ, ವೃತ್ತವನ್ನೂ ಪಕ್ಕದಲ್ಲಿ ಅಂಟಿಸಿ. ಸೋಡಿಯಂ 186 ಇದ್ದದ್ದು ಎಲೆಕ್ಟ್ರಾನ್ ಕೊಟ್ಟ ಮೇಲೆ 102. ಕ್ಲೋರಿನ್ 99 ಇದ್ದದ್ದು ಎಲೆಕ್ಟ್ರಾನ್ ಪಡೆದು ಕ್ಲೋರೈಡ್ ಆದರೆ 181. ಸೋಡಿಯಂನ ಹೊರ ಕವಚವೇ ಹೋಯಿತು. ಕ್ಲೋರಿನ್‌ಗೆ ಪ್ರೋಟಾನ್ ಹೆಚ್ಚಾಗದೆ ತಳ್ಳಾಟ ಮಾತ್ರ ಹೆಚ್ಚಾಯಿತು. ಉಪ್ಪಿನ ಹರಳಿನಲ್ಲಿ ಯಾವುದು ದೊಡ್ಡದು ಎಂದು ಇದನ್ನು ನೋಡಿದ ಮೇಲೆ ಕೇಳಿ.

ಹಂತ 4: ಪೊರಕೆ ಕಡ್ಡಿಯಲ್ಲಿ ಅಯಾನೀಕರಣ ಶಕ್ತಿ

ಹೊರಗಿನ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಎಷ್ಟು ಶಕ್ತಿ ಬೇಕು ಎಂಬುದೇ ಅಯಾನೀಕರಣ ಶಕ್ತಿ. ಪರಮಾಣು ಅನಿಲ ರೂಪದಲ್ಲಿ ಒಂಟಿಯಾಗಿರಬೇಕು, ಅದನ್ನು ಮರೆಯದೆ ಹೇಳಿ. ತೆಂಗಿನ ಗರಿಯ ಪೊರಕೆ ಕಡ್ಡಿ ಎಲ್ಲರ ಮನೆಯಲ್ಲೂ ಇರುತ್ತದೆ. ಒಂದು ಮೋಲ್‌ಗೆ 100 ಕಿಲೋಜೌಲ್ ಅಂದರೆ 1 ಸೆಂಟಿಮೀಟರ್ ಎಂದು ಕಡ್ಡಿ ಕತ್ತರಿಸಿ, ಮೆತ್ತಗಿನ ಜೇಡಿಮಣ್ಣಿನ ಹಲಗೆಯಲ್ಲಿ ಸಾಲಾಗಿ ಚುಚ್ಚಿಸಿ.

ಲಿಥಿಯಂ 5.2 ಸೆಂಟಿಮೀಟರ್, ಬೆರಿಲಿಯಂ 9.0, ಬೋರಾನ್ 8.0, ಕಾರ್ಬನ್ 10.9, ನೈಟ್ರೋಜನ್ 14.0, ಆಕ್ಸಿಜನ್ 13.1, ಫ್ಲೋರಿನ್ 16.8, ನಿಯಾನ್ 20.8. ಮುಂದೆ ಸೋಡಿಯಂ ಬರುತ್ತಿದ್ದಂತೆ ದಪ್ಪನೆ 5.0ಕ್ಕೆ ಬೀಳುತ್ತದೆ. ಹೊಸ ಕವಚ ಶುರುವಾಯಿತು ಎಂದು ಕಣ್ಣಿಗೇ ಕಾಣುತ್ತದೆ. ಮೆಗ್ನೀಸಿಯಂ 7.4, ಅಲ್ಯೂಮಿನಿಯಂ 5.8, ಸಿಲಿಕಾನ್ 7.9, ರಂಜಕ 10.1, ಗಂಧಕ 10.0, ಕ್ಲೋರಿನ್ 12.5, ಆರ್ಗಾನ್ 15.2. ಮತ್ತೆ ಪೊಟ್ಯಾಸಿಯಂ 4.2. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಕಡ್ಡಿಗಳನ್ನು ಕಿತ್ತು ಪಕ್ಕಪಕ್ಕ ಹಿಡಿದರೆ ಗುಂಪಿನಲ್ಲಿ ಕೆಳಗೆ ಹೋದಂತೆ ಆಗುವ ಇಳಿಕೆಯೂ ಕಾಣುತ್ತದೆ. ಕಣ್ಣು ಕಾಣದ ಮಗು ತರಗತಿಯಲ್ಲಿದ್ದರೆ ಈ ಹಲಗೆಯ ಮೇಲೆ ಕೈಯಾಡಿಸಿದರೂ ಸಾಕು, ಬೋರ್ಡಿನ ಬಾಣಕ್ಕಿಂತ ಹೆಚ್ಚು ತಿಳಿಯುತ್ತದೆ.

ಬೋರಾನ್, ಆಕ್ಸಿಜನ್ ಹತ್ತಿರ ಕಡ್ಡಿ ತಗ್ಗುವುದನ್ನು ಚುರುಕು ಮಕ್ಕಳು ಗಮನಿಸುತ್ತಾರೆ. "ಅದು ಅಪವಾದ, ಬಿಟ್ಟುಬಿಡಿ" ಎನ್ನಬೇಡಿ. ಒಂದೇ ಕವಚದ ಒಳಗೂ ಉಪಕವಚಗಳಿವೆ. ಬೋರಾನ್‌ನ ಹೊಸ ಎಲೆಕ್ಟ್ರಾನ್ ಸ್ವಲ್ಪ ಹೆಚ್ಚು ಶಕ್ತಿಯ ಉಪಕವಚಕ್ಕೆ ಹೋಗುತ್ತದೆ, ಅದನ್ನು ಕೀಳುವುದು ಸುಲಭ. ಆಕ್ಸಿಜನ್‌ನಲ್ಲಿ ಒಂದು ಎಲೆಕ್ಟ್ರಾನ್ ಇನ್ನೊಂದರ ಜೊತೆ ಜಾಗ ಹಂಚಿಕೊಳ್ಳಬೇಕಾಗುತ್ತದೆ, ತಳ್ಳಾಟ ಹೆಚ್ಚು. ಇಷ್ಟು ಹೇಳಿದರೆ ಸಾಕು. ಪಿಯುಸಿಯಲ್ಲಿ ಉಳಿದದ್ದು ಬರುತ್ತದೆ.

ಹಂತ 5: ಎಲೆಕ್ಟ್ರೋನೆಗೆಟಿವಿಟಿ

ಇದಕ್ಕೆ ಅರ್ಧ ಪೀರಿಯಡ್ ಸಾಕು. ಎರಡು ಪರಮಾಣು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯನ್ನು ಯಾವುದು ತನ್ನ ಕಡೆ ಹೆಚ್ಚು ಎಳೆದುಕೊಳ್ಳುತ್ತದೆ ಎಂಬುದಷ್ಟೇ ವಿಷಯ. ಪೌಲಿಂಗ್ ಅಳತೆಯಲ್ಲಿ ಫ್ಲೋರಿನ್ 4.0, ಆಕ್ಸಿಜನ್ 3.5, ಕ್ಲೋರಿನ್ 3.0, ಕಾರ್ಬನ್ 2.5, ಸೋಡಿಯಂ 0.9. ಗಾತ್ರದ ವೃತ್ತಗಳನ್ನೂ ಎಳೆತದ ಲೆಕ್ಕವನ್ನೂ ನೋಡಿ ಇದರ ಕ್ರಮವನ್ನು ಮಕ್ಕಳೇ ಊಹಿಸಲಿ, ಆಮೇಲೆ ಅಂಕಿ ಕೊಡಿ.

ಹಂತ 6: ಪ್ರಯೋಗ

ಸೋಡಿಯಂ ತುಂಡು ನೀರಿನ ಮೇಲೆ ಓಡಾಡುವುದನ್ನು ನೋಡಲು ಎಲ್ಲರಿಗೂ ಆಸೆ. ಆದರೂ ಮಕ್ಕಳ ಕೈಗೆ ಕೊಡಬೇಕಾದ ಪ್ರಯೋಗ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂನದು. ಎರಡೂ ಎರಡನೇ ಗುಂಪಿನವು. ಎರಡು ಪ್ರನಾಳದಲ್ಲಿ ತಣ್ಣೀರು, ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಒಂದೆರಡು ತೊಟ್ಟು ಫೀನಾಲ್ಫ್‌ಥಲೀನ್. ಒಂದಕ್ಕೆ ಉಜ್ಜಿ ಹೊಳಪು ಬರಿಸಿದ ಮೆಗ್ನೀಸಿಯಂ ಪಟ್ಟಿ, ಇನ್ನೊಂದಕ್ಕೆ ಅಕ್ಕಿ ಕಾಳಿನಷ್ಟು ಕ್ಯಾಲ್ಸಿಯಂ. ಕ್ಯಾಲ್ಸಿಯಂನಿಂದ ತಕ್ಷಣ ಗುಳ್ಳೆ ಏಳುತ್ತದೆ, ನೀರು ಗುಲಾಬಿಯಾಗುತ್ತದೆ. ಮೆಗ್ನೀಸಿಯಂ ಹತ್ತಿರ ಬಹಳ ಹೊತ್ತಿನ ಮೇಲೆ ಪಟ್ಟಿಯ ಸುತ್ತ ತೆಳು ಗುಲಾಬಿ. ಬಿಸಿ ನೀರಿಗೆ ಹಾಕಿದರೆ ಬೇಗ. ಅಯಾನೀಕರಣ ಶಕ್ತಿ ಮೆಗ್ನೀಸಿಯಂಗೆ 738 ಕಿಲೋಜೌಲ್, ಕ್ಯಾಲ್ಸಿಯಂಗೆ 590. ಕಡ್ಡಿಯಲ್ಲಿ ಕಂಡದ್ದು ಪ್ರನಾಳದಲ್ಲೂ ಕಂಡಿತು. ಕ್ಯಾಲ್ಸಿಯಂ ಅನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ. ಚಿಮಟ ಬಳಸಿ, ಕಣ್ಣಿಗೆ ಕನ್ನಡಕ ಹಾಕಿಸಿ. ಹತ್ತಿರ ಬೆಂಕಿ ಬೇಡ, ಬರುವ ಅನಿಲ ಹೈಡ್ರೋಜನ್.

ಸೋಡಿಯಂ ಅನ್ನು ನೀವೇ ಮಾಡಿ ತೋರಿಸಿ, ಮಕ್ಕಳು ದೂರ ನಿಲ್ಲಲಿ. ಸೀಮೆಎಣ್ಣೆಯಿಂದ ತೆಗೆದು ಒರೆಸಿ, ಅಕ್ಕಿ ಕಾಳಿಗಿಂತ ದೊಡ್ಡ ತುಂಡು ಬೇಡ. ಅಗಲವಾದ ಗಾಜಿನ ಪಾತ್ರೆ, ಅರ್ಧ ನೀರು, ಮಧ್ಯೆ ಪಾರದರ್ಶಕ ಅಡ್ಡಹಲಗೆ. ಉಳಿದ ಚೂರನ್ನು ಸಿಂಕಿಗೆ ಅಥವಾ ಕಸದ ಬುಟ್ಟಿಗೆ ಹಾಕಬೇಡಿ, ಸೀಮೆಎಣ್ಣೆ ಬಾಟಲಿಗೇ ವಾಪಸ್. ಪೊಟ್ಯಾಸಿಯಂ ಹೈಸ್ಕೂಲಿನಲ್ಲಿ ಬೇಡವೇ ಬೇಡ. ಸ್ಮಾರ್ಟ್ ಕ್ಲಾಸ್ ಪರದೆ ಇದ್ದರೆ ವಿಡಿಯೋ ತೋರಿಸಿ. ನೇರಳೆ ಜ್ವಾಲೆ ಚೆನ್ನಾಗಿ ಕಾಣುತ್ತದೆ.

ಹ್ಯಾಲೋಜನ್‌ಗಳ (ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇರುವ ಗುಂಪು) ಪ್ರಯೋಗಕ್ಕೆ ಗಾಳಿ ಆಡುವ ಜಾಗ ಬೇಕು. ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಕೆಲವು ತೊಟ್ಟು ಕ್ಲೋರಿನ್ ನೀರು ಹಾಕಿದರೆ ಕಂದು ಬಣ್ಣ. ಅದಕ್ಕೆ ಅನ್ನ ಬಸಿದ ಗಂಜಿ ಒಂದು ತೊಟ್ಟು ಬಿಟ್ಟರೆ ಕಡು ನೀಲಿ. ಅಯೋಡಿನ್ ಹೊರಬಂದಿದೆ. ತಿರುಗಿಸಿ, ಪೊಟ್ಯಾಸಿಯಂ ಬ್ರೋಮೈಡ್‌ಗೆ ಅಯೋಡಿನ್ ದ್ರಾವಣ ಹಾಕಿ. ಏನೂ ಆಗುವುದಿಲ್ಲ. ಇಲ್ಲೊಂದು ಗೊಂದಲ ಖಂಡಿತ ಬರುತ್ತದೆ: ಲೋಹಗಳಲ್ಲಿ ಕೆಳಗೆ ಹೋದಂತೆ ಚುರುಕು, ಹ್ಯಾಲೋಜನ್‌ಗಳಲ್ಲಿ ಮೇಲೆ ಹೋದಂತೆ ಚುರುಕು, ಯಾಕೆ? ನಮ್ಮ ಅದೇ ಪ್ರಶ್ನೆಗೆ ವಾಪಸ್ ಬನ್ನಿ. ಹಿಡಿತ ಸಡಿಲವಾದಷ್ಟೂ ಕೊಡುವುದು ಸುಲಭ, ಹಿಡಿತ ಬಿಗಿಯಾದಷ್ಟೂ ಪಡೆಯುವುದು ಸುಲಭ. ನಿಯಮ ಎರಡಲ್ಲ.

ಆಕ್ಸೈಡುಗಳಿಗೆ ಅಡುಗೆಮನೆಯ ಅರಿಶಿನ ಸಾಕು. ಆರತಿ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಕಾರಣ ಸುಣ್ಣ ಪ್ರತ್ಯಾಮ್ಲ. ಮೆಗ್ನೀಸಿಯಂ ಪಟ್ಟಿ ಉರಿಸಿ (ಜ್ವಾಲೆಯನ್ನು ನೇರ ನೋಡಬಾರದು), ಬೂದಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಕಿ, ಅರಿಶಿನ ಹಚ್ಚಿದ ಕಾಗದ ಅದ್ದಿದರೆ ಕೆಂಪು ಛಾಯೆ ಬರುತ್ತದೆ. ಚಿಟಿಕೆ ಗಂಧಕವನ್ನು ಬಯಲಿನಲ್ಲಿ ಜಾಡಿಯೊಳಗೆ ಉರಿಸಿ, ಹೊಗೆಯನ್ನು ನೀರಿನೊಂದಿಗೆ ಕುಲುಕಿದರೆ ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಉಬ್ಬಸ ಇರುವ ಮಕ್ಕಳನ್ನು ದೂರ ನಿಲ್ಲಿಸಿ. ಒಂದೇ ಆವರ್ತದ ಎಡಗಡೆಯದು ಪ್ರತ್ಯಾಮ್ಲ, ಬಲಗಡೆಯದು ಆಮ್ಲ. ಮಧ್ಯದ ಅಲ್ಯೂಮಿನಿಯಂ ಆಕ್ಸೈಡ್ ಎರಡರ ಜೊತೆಗೂ ವರ್ತಿಸುತ್ತದೆ.

ಹಂತ 7: ನಮ್ಮ ಜಿಲ್ಲೆಗೆ ತನ್ನಿ

ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಸುತ್ತ ಸುಮಾರು 1,600 ಟನ್ ಲಿಥಿಯಂ ಇರಬಹುದು ಎಂದು ಪರಮಾಣು ಖನಿಜ ನಿರ್ದೇಶನಾಲಯದ ಆರಂಭಿಕ ಅಂದಾಜು ಹೇಳಿದೆ. ಈ ಸುದ್ದಿ ಮಕ್ಕಳ ಕಿವಿಗೂ ಬಿದ್ದಿದೆ. ಬ್ಯಾಟರಿಗೆ ಲಿಥಿಯಂ ಯಾಕೆ, ಸೋಡಿಯಂ ಯಾಕಲ್ಲ ಎಂದು ಚರ್ಚೆಗೆ ಬಿಡಿ. ಲಿಥಿಯಂ ಅತ್ಯಂತ ಹಗುರ ಲೋಹ. ಸಾಂದ್ರತೆ 0.53, ಸೀಮೆಎಣ್ಣೆಯ ಮೇಲೂ ತೇಲುತ್ತದೆ. ಆದರೆ ಇಲ್ಲಿ ಮೇಷ್ಟ್ರಿಗೇ ಒಂದು ಎಚ್ಚರ ಬೇಕು. ಅಯಾನೀಕರಣ ಶಕ್ತಿ ನೋಡಿದರೆ ಗುಂಪಿನಲ್ಲಿ ಎಲೆಕ್ಟ್ರಾನ್ ಬಿಡಲು ಹೆಚ್ಚು ಹಿಂಜರಿಯುವುದು ಲಿಥಿಯಂ. ದ್ರಾವಣದಲ್ಲಿ ಮಾತ್ರ ಅದರ ಪುಟ್ಟ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿಯುತ್ತವೆ. ಅದರಿಂದ ಬರುವ ಶಕ್ತಿ ಲೆಕ್ಕವನ್ನೇ ಬದಲಿಸುತ್ತದೆ, ಎಲೆಕ್ಟ್ರಾನ್ ಬಿಡುವುದು ಸುಲಭವಾಗುತ್ತದೆ. ಒಂಟಿ ಪರಮಾಣುವಿನ ಗುಣವೇ ಬೇರೆ, ಬೀಕರಿನೊಳಗಿನ ಗುಣವೇ ಬೇರೆ.

ರೈತರ ಮನೆಯ ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ: "ಪೊಟ್ಯಾಸಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತೆ ಅಂತೀರಿ. ಅಪ್ಪ ಕಬ್ಬಿಗೆ ಪೊಟ್ಯಾಷ್ ಹಾಕಿ ನೀರು ಬಿಡ್ತಾರಲ್ಲ?" ಗೊಬ್ಬರದ ಪೊಟ್ಯಾಷ್ ಪೊಟ್ಯಾಸಿಯಂ ಕ್ಲೋರೈಡ್. ಅಲ್ಲಿರುವುದು ಪೊಟ್ಯಾಸಿಯಂ ಅಯಾನು. ಆ ಸಡಿಲ ಎಲೆಕ್ಟ್ರಾನನ್ನು ಅದು ಯಾವಾಗಲೋ ಕೊಟ್ಟಾಗಿದೆ. ಉಳಿದ 18 ಎಲೆಕ್ಟ್ರಾನ್ ಆರ್ಗಾನ್‌ನಂತೆ ಜೋಡಣೆಯಾಗಿವೆ, ಅವನ್ನು ಕೀಳುವುದು ಸುಲಭವಲ್ಲ.

ಹಂತ 8: ಪರೀಕ್ಷಿಸುವ ಬಗೆ

"ಕ್ಲೋರಿನ್‌ಗೆ ಅಷ್ಟಕ ಪೂರ್ತಿ ಮಾಡಿಕೊಳ್ಳಲು ಆಸೆ" ಎಂಬಂಥ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಡಿ (ಅಷ್ಟಕ ಅಂದರೆ ಹೊರ ಕವಚದಲ್ಲಿ ಎಂಟು ಎಲೆಕ್ಟ್ರಾನ್). ಪರಮಾಣುವಿಗೆ ಆಸೆ ಇಲ್ಲ, ಎಳೆತ ಇದೆ. ಚಾರ್ಜ್ ಮತ್ತು ದೂರ ಎರಡೂ ಉತ್ತರದಲ್ಲಿ ಬರಬೇಕು. "ಎಡದಿಂದ ಬಲಕ್ಕೆ ಹೋದಂತೆ ಗಾತ್ರ ಕಡಿಮೆಯಾಗುವುದರಿಂದ" ಎಂದು ಬರೆದರೆ ಅದು ಕಾರಣವಲ್ಲ, ಗಮನಿಸಿದ ಸಂಗತಿ ಅಷ್ಟೇ.

ಕೆಲವು ಪ್ರಶ್ನೆಗಳು:

ಮೆಗ್ನೀಸಿಯಂ, ಗಂಧಕ, ಸೋಡಿಯಂ: ಗಾತ್ರದ ಕ್ರಮದಲ್ಲಿ ಬರೆದು, ಕಳೆಯುವ ಲೆಕ್ಕದಿಂದ ಸಮರ್ಥಿಸಿ.

ನಿಯಾನ್‌ನಿಂದ ಸೋಡಿಯಂಗೆ ಬಂದಾಗ ಅಯಾನೀಕರಣ ಶಕ್ತಿ ಯಾಕೆ ಬೀಳುತ್ತದೆ?

ಆಕ್ಸೈಡ್ ಅಯಾನು, ಫ್ಲೋರೈಡ್ ಅಯಾನು, ಸೋಡಿಯಂ ಅಯಾನು, ಮೆಗ್ನೀಸಿಯಂ ಅಯಾನು, ಎಲ್ಲದರಲ್ಲೂ ಎಲೆಕ್ಟ್ರಾನ್ 10. ಯಾವುದು ಅತಿ ಚಿಕ್ಕದು?

ಕೊನೆಯದು ನನಗೆ ತುಂಬಾ ಇಷ್ಟದ ಪ್ರಶ್ನೆ. ಬಾಣ ಬಾಯಿಪಾಠ ಮಾಡಿದ ಮಗುವಿಗೆ ಇದು ಕಷ್ಟ, ಎಳೆತ ಅರ್ಥವಾದ ಮಗುವಿಗೆ ಅರ್ಧ ನಿಮಿಷದ ಕೆಲಸ. ಎಲೆಕ್ಟ್ರಾನ್ ಎಲ್ಲಕ್ಕೂ ಅಷ್ಟೇ, ಪ್ರೋಟಾನ್ ಮೆಗ್ನೀಸಿಯಂಗೆ 12, ಆದ್ದರಿಂದ ಅದೇ ಚಿಕ್ಕದು. ಉತ್ತರ ಬಾರದವರನ್ನು ಬಂದವರ ಪಕ್ಕ ಕೂರಿಸಿ, ವಿವರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ನೀವು ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿಕೊಳ್ಳಿ. ಯಾರ ವಿವರಣೆಯಲ್ಲಿ ಪ್ರೋಟಾನ್ ಮಾತೇ ಬರುವುದಿಲ್ಲವೋ ಅವರಿಗೆ ಮರುದಿನ ಎರಡನೇ ಹಂತದ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿ.